ಇಬ್ಬರೂ ಬಿಗಿದಿದ್ದ ಬೂಚು

೧೯೯೭ರ ಬೇಸಿಗೆಯಲ್ಲಿ ನಾನು ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಯಂತ್ರಕ್ಕೆ ಕೈ ಸಿಕ್ಕಿದರೆ, ಏಣಿ ಜಾರಿದರೆ, ಪೈಪು ಒಡೆದು ಬಿಸಿ ಹಬೆ ನುಗ್ಗಿದರೆ, ಅದು ಹೇಗಾಯಿತು, ಇನ್ನೊಮ್ಮೆ ಆಗದಂತೆ ಏನು ಮಾಡಬೇಕು ಎಂದು ವಿಚಾರಿಸುವುದು ನನ್ನ ಕೆಲಸ. ಹಾಯಿದೋಣಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ನಾನು ಗದಗಿನ ಕಡೆಯವನು, ಈಜು ಕೂಡ ಬಾರದು. ಆದರೂ ಇಡೀ ನೌಕರಿಯಲ್ಲಿ ನಡೆಸಿದ ವಿಚಾರಣೆಗಳಲ್ಲಿ ಯಾವುದು ಹೆಚ್ಚು ನೆನಪಿದೆ ಎಂದು ಯಾರಾದರೂ ಕೇಳಿದರೆ, ಕಾರ್ಖಾನೆಯ ಗೇಟಿನ ಹೊರಗೆ, ಒಂದು ದೋಣಿಯ ಬಗ್ಗೆ ನಡೆಸಿದ ವಿಚಾರಣೆಯನ್ನೇ ಹೇಳುತ್ತೇನೆ.

ಸೂಪಾ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಆಗ ಒಂದು ಸಣ್ಣ ಸೇಲಿಂಗ್ ಕ್ಲಬ್ ಇತ್ತು. ಒಂದು ತಗಡಿನ ಶೆಡ್ಡು, ಐದಾರು ಫೈಬರ್ ದೋಣಿಗಳು, ಒಂದು ಮೋಟಾರು ಬೋಟು. ಸದಸ್ಯರಲ್ಲಿ ಕಾರ್ಖಾನೆಯ ಅಧಿಕಾರಿಗಳು, ಒಬ್ಬಿಬ್ಬರು ಬ್ಯಾಂಕಿನವರು, ಶಾಲೆಯವರು. ರವಿವಾರ ಬೆಳಿಗ್ಗೆ ಎಲ್ಲರೂ ರೊಟ್ಟಿ ಬುತ್ತಿ ಕಟ್ಟಿಕೊಂಡು ದಾಂಡೇಲಿಯಿಂದ ಹೊರಡುತ್ತಿದ್ದರು. ಒದ್ದೆ ಲೈಫ್ ಜಾಕೆಟ್ಟನ್ನು ಮೂಲೆಗೆ ಒಗೆದು ಹೋದವರು ಯಾರು, ಹಗ್ಗಕ್ಕೆ ಬಿಚ್ಚಲಾರದ ಗಂಟು ಹಾಕಿದವರು ಯಾರು ಎಂಬುದೇ ಅಲ್ಲಿನ ದೊಡ್ಡ ಜಗಳ. ಹಾಯಿ ಹರಿದರೆ ಹೊಲಿಯುತ್ತಿದ್ದವನು ದಾಂಡೇಲಿಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಟೇಲರ್. ಇಷ್ಟು ದೊಡ್ಡ ಬಟ್ಟೆಯನ್ನು ಮಷಿನ್ನಿನ ಕೆಳಗೆ ತುರುಕುವುದರಲ್ಲೇ ಅರ್ಧ ದಿನ ಹೋಗುತ್ತದೆ ಎಂದು ಪ್ರತಿ ಸಲ ಗೊಣಗುತ್ತಿದ್ದನಂತೆ.

ಬೆಳಿಗ್ಗೆ ಅಲ್ಲಿ ಗಾಳಿ ಇರುತ್ತಿರಲಿಲ್ಲ. ನೀರು ಪರಾತದಲ್ಲಿ ಹೊಯ್ದ ಎಣ್ಣೆಯಂತೆ ಸುಮ್ಮನೆ ಬಿದ್ದಿರುತ್ತಿತ್ತು. ಊಟ ಮುಗಿದ ಮೇಲೆ ಕ್ಯಾಸಲ್‌ರಾಕ್ ಕಡೆಯಿಂದ, ಘಟ್ಟ ಹತ್ತಿ ಗಾಳಿ ಬರುತ್ತಿತ್ತು. ಅಲ್ಲಿಯವರೆಗೂ ದೋಣಿಗಳು ದಂಡೆಯ ಮೇಲೆ, ಜನ ಶೆಡ್ಡಿನ ನೆರಳಿನಲ್ಲಿ.

ದೋಣಿಗಳನ್ನು ನೋಡಿಕೊಳ್ಳುತ್ತಿದ್ದವನು ಪರಶುರಾಮ. ಐವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಅಣೆಕಟ್ಟು ಕಟ್ಟಿದಾಗ ಅವನ ಹಳ್ಳಿ ನೀರಿನಡಿ ಹೋಗಿ ಮನೆಯವರೆಲ್ಲ ರಾಮನಗರಕ್ಕೆ ಬಂದು ನೆಲೆಸಿದ್ದರು. ಕ್ಲಬ್ಬಿನ ಅತ್ಯುತ್ತಮ ಸೇಲರ್ ಸುನಂದಾ ದೇಸಾಯಿ, ದಾಂಡೇಲಿಯ ಶಾಲೆಯೊಂದರ ಶಿಕ್ಷಕಿ, ಹಳಿಯಾಳದ ಹೆಣ್ಣುಮಗಳು. ಆಕೆಯ ಗಂಡ ಅಶೋಕ ನಮ್ಮ ಕಾರ್ಖಾನೆಯಲ್ಲೇ ಕೆಮಿಸ್ಟ್. ಸುನಂದಾರನ್ನು ಮೊದಲ ಸಲ ದೋಣಿ ಹತ್ತಿಸಿ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಕೆನ್ನೆಯಿಂದಲೇ ತಿಳಿಯುವುದನ್ನು ಕಲಿಸಿದವನು ಪರಶುರಾಮ. ಹೆಂಡತಿ ಚುಕ್ಕಾಣಿ ಹಿಡಿದರೆ ಗಂಡ ಮುಂದಿನ ಹಾಯಿ ಹಿಡಿಯುತ್ತಿದ್ದ. ಅದನ್ನು ಕಂಡು ಊರಿನಲ್ಲಿ ಕೆಲವರು ನಕ್ಕರೂ ಅಶೋಕ ತಾನೇ ಮೊದಲು ನಗುತ್ತಿದ್ದ.

ಆ ವರ್ಷ ಮೂರು ದಿನಗಳ ಸ್ಪರ್ಧೆ ಇಟ್ಟಿದ್ದರು. ಹೊರಗಿನಿಂದ ಅತಿಥಿಗಳು ಬರುವವರಿದ್ದರು. ಅಧ್ಯಕ್ಷರಾದ ಕುಲಕರ್ಣಿಯವರು ದೋಣಿಗಳಿಗೆಲ್ಲ ಹೊಸ ಬಣ್ಣ ಹಚ್ಚಿಸಿದರು. ಉಳಿದವು ಬಿಳಿ, ಹಳದಿ. ಸುನಂದಾ ನಡೆಸುತ್ತಿದ್ದ ದೋಣಿಯ ಹೆಸರು ‘ಕಾಳಿ’ ಆದ್ದರಿಂದ ಅದಕ್ಕೆ ಮಾತ್ರ ಹೆಚ್ಚುಕಡಿಮೆ ಕಪ್ಪೇ ಎನ್ನುವಂಥ ಕಡುನೀಲಿ. ಅತಿಥಿಗಳಿಗೆ ಚೆಂದ ಕಾಣಲೆಂದು ಆ ಮೂರು ದಿನ ದೋಣಿಗಳನ್ನು ಶೆಡ್ಡಿಗೆ ಒಯ್ಯದೆ, ಮೂತಿ ನೀರಿನ ಕಡೆಗೆ ಮಾಡಿ ದಂಡೆಯ ಮೇಲೆ ಸಾಲಾಗಿ ನಿಲ್ಲಿಸಿದರು.

ಮೂರನೆಯ ದಿನ ಮಧ್ಯಾಹ್ನ, ಕೊನೆಯ ಓಟದಲ್ಲಿ, ಒಂದು ಬೀಸು ಗಾಳಿಗೆ ‘ಕಾಳಿ’ ಮಗುಚಿತು. ಇದಕ್ಕೆ ಕ್ಯಾಪ್ಸೈಜ್ ಎನ್ನುತ್ತಾರೆ. ಈ ಆಟದಲ್ಲಿ ಅದು ದೊಡ್ಡ ವಿಷಯವಲ್ಲ. ದೋಣಿಯ ಹಿಂಬದಿಯಲ್ಲಿ ಗಾಳಿ ತುಂಬಿದ, ಎಲ್ಲ ಕಡೆ ಮುಚ್ಚಿದ ಒಂದು ಪೆಟ್ಟಿಗೆ ಇರುತ್ತದೆ, ಬಾಯನ್ಸಿ ಟ್ಯಾಂಕ್ ಎಂದು ಅದರ ಹೆಸರು. ಅದಿರುವವರೆಗೆ ದೋಣಿ ಮುಳುಗುವುದಿಲ್ಲ. ಸೇಲರುಗಳು ಅದರ ಹೊಟ್ಟೆಯ ಮೇಲೆ ಹತ್ತಿ, ಭಾರ ಬಿಟ್ಟು, ಮತ್ತೆ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಅಂದು ಹಾಗಾಗಲಿಲ್ಲ. ದೋಣಿಯ ಹಿಂಭಾಗ ಕೆಳಗಿಳಿಯಿತು, ಮೂತಿಯಷ್ಟೇ ನೀರಿನ ಮೇಲೆ ಉಳಿಯಿತು. ಅಶೋಕನ ಕಾಲು ಹಾಯಿಯ ಹಗ್ಗಕ್ಕೆ ಸಿಕ್ಕಿತ್ತು, ಅವನೂ ದೋಣಿಯ ಜೊತೆ ಕೆಳಗೆ ಹೋದ. ಮೋಟಾರು ಬೋಟಿನಲ್ಲಿದ್ದ ಪರಶುರಾಮ ನೀರಿಗೆ ಹಾರಿ, ಹಗ್ಗ ಕೊಯ್ದು ಅವನನ್ನು ಮೇಲೆ ತಂದ. ದಂಡೆಗೆ ತಂದಾಗ ಅಶೋಕನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬದುಕಿದ, ಆದರೆ ಬಹಳ ದಿನ ಆಸ್ಪತ್ರೆಯಲ್ಲಿದ್ದ.

ದೋಣಿಯನ್ನು ಎಳೆದು ತಂದಾಗ ಟ್ಯಾಂಕಿನ ತುಂಬ ನೀರು. ಟ್ಯಾಂಕಿನ ಹಿಂಬದಿಯ ತಳದಲ್ಲಿ, ನೀರು ಸೇರಿದ್ದರೆ ಹೊರಬಿಡಲು, ಹಿತ್ತಾಳೆಯ ಬಳೆಯೊಳಗೆ ತಿರುವಿ ಬಿಗಿಯುವ ಒಂದು ಪ್ಲಗ್ ಇರುತ್ತದೆ. ಕ್ಲಬ್ಬಿನಲ್ಲಿ ಅದಕ್ಕೆ ಎಲ್ಲರೂ ಬೂಚು ಎನ್ನುತ್ತಿದ್ದರು. ಆ ಗಡಿಬಿಡಿಯಲ್ಲಿ ಯಾರೋ ಬೂಚು ತೆಗೆದು ನೀರು ಬಿಟ್ಟರು. ಅದು ಬಿಗಿಯಾಗಿತ್ತೋ ಸಡಿಲವಾಗಿತ್ತೋ ಎಂದು ತೆಗೆದವನಿಗೇ ನೆನಪಿರಲಿಲ್ಲ.

ಕ್ಲಬ್ಬಿನ ನಿಯಮದಂತೆ ಬೂಚು ಬಿಗಿಯುವುದು ಪರಶುರಾಮನ ಕೆಲಸ, ನೀರಿಗೆ ಇಳಿಸುವ ಮೊದಲು ಕೈಯಿಟ್ಟು ನೋಡುವುದು ಸೇಲರಿನ ಕೆಲಸ. ಬಿಗಿದಿದ್ದೆ ಎಂದು ಪರಶುರಾಮ ಹೇಳಿದ. ನೋಡಿದ್ದೆ, ಬಿಗಿಯಿತ್ತು ಎಂದು ಸುನಂದಾ ಹೇಳಿದರು. ಕಮಿಟಿಯವರು ದೋಣಿಯನ್ನು ಮರುದಿನ ಬೆಳಿಗ್ಗೆಯೇ ನೀರಿಗಿಳಿಸಿ ಸಂಜೆಯವರೆಗೂ ಕಟ್ಟಿಹಾಕಿ ನೋಡಿದರು. ಟ್ಯಾಂಕಿನೊಳಗೆ ಒಂದು ಹನಿಯೂ ಇರಲಿಲ್ಲ. ಅಲ್ಲಿಗೆ ದೋಣಿ ಸರಿಯಿದೆ, ಬೂಚೇ ತೆರೆದಿತ್ತು ಎಂದು ತೀರ್ಮಾನವಾಯಿತು. ಸುನಂದಾ ನೋಡಿದ ಮೇಲೆ ಪರಶುರಾಮ ಯಾವಾಗಲೋ ಬೂಚು ತೆಗೆದು ಬಿಗಿಯಲು ಮರೆತಿರಬೇಕು, ಇಲ್ಲವೇ ಸುನಂದಾರೇ ತಿರುವಿ ನೋಡುವಾಗ ಸಡಿಲ ಬಿಟ್ಟಿರಬೇಕು. ಇನ್ನು ಉಳಿದದ್ದು ಸುಳ್ಳು ಯಾರದೆಂಬುದು. ಪರಶುರಾಮನದಾದರೆ ಅವನ ಕೆಲಸ ಹೋಗುತ್ತದೆ. ಸುನಂದಾರದಾದರೆ, ಗಂಡನನ್ನು ಸಾವಿನ ಬಾಯಿಗೆ ಒಯ್ದವಳು ಎಂಬ ಮಾತು ಆ ಊರಿನಲ್ಲಿ ಅವರ ಬೆನ್ನು ಬಿಡುವುದಿಲ್ಲ.

ಕುಲಕರ್ಣಿಯವರು ನನ್ನನ್ನು ಕರೆಸಿದರು. “ಇಬ್ಬರಾಗ ಒಬ್ಬರು ಸುಳ್ಳ ಹೇಳಾಕತ್ತಾರ. ನಿಮಗ ಇಂಥಾದ್ದು ರೂಢಿ ಐತಿ. ಯಾರು ಅಂತ ಹೇಳಿಬಿಡ್ರಿ, ಸಾಕು” ಎಂದರು.

ನಾನು ಮೊದಲು ಹೋದದ್ದು ಆಸ್ಪತ್ರೆಗೆ. ಸುನಂದಾ ಗಂಡನ ಹಾಸಿಗೆಯ ಪಕ್ಕದಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದರು. ಹೊರಗೆ ವರಾಂಡಕ್ಕೆ ಬಂದು, ಧ್ವನಿ ಏರಿಸದೆ ಹೇಳಿದರು: “ಬೂಚು ತಿರುವಿ ನೋಡೇನ್ರಿ ಸರ್, ಅಲುಗಲಿಲ್ಲ. ಆಮ್ಯಾಲ ಅದನ್ನ ತಗದು, ತಗದಿಲ್ಲ ಅಂತ ಪರಶುರಾಮಣ್ಣ ನನ್ನ ಕಣ್ಣಾಗ ಕಣ್ಣಿಟ್ಟು ಸುಳ್ಳ ಹೇಳತಾನಂತ ನಾ ಅಂದಕೊಂಡಿರಲಿಲ್ಲ.”

ಪರಶುರಾಮನನ್ನು ತೀರ್ಮಾನವಾಗುವವರೆಗೆ ಬರಬೇಡ ಎಂದಿದ್ದರು. ರಾಮನಗರದ ಅವನ ಮನೆಗೇ ಹೋದೆ. ಹೆಂಡತಿ ಚಹಾ ಕೊಟ್ಟು ಒಳಗೆ ಹೋದಳು, ಆದರೆ ಬಾಗಿಲ ಹಿಂದೆಯೇ ನಿಂತಿದ್ದು ಗೊತ್ತಾಗುತ್ತಿತ್ತು. ಅವನು ಹೇಳಿದ್ದು ಇಷ್ಟೇ: “ನಾ ಬಿಗದೇನ್ರಿ ಸಾಹೇಬ್ರ, ಆಮ್ಯಾಲ ಮುಟ್ಟಿಲ್ಲ. ಇದಕ್ಕಿಂತ ಹೆಚ್ಚಿಗಿ ಹೇಳಾಕ ನನ್ನ ಹತ್ರ ಏನೂ ಇಲ್ಲ.”

ಕಾರ್ಖಾನೆಯಲ್ಲಿ ನಾನು ಗಮನಿಸಿದ್ದ ಒಂದು ಸಂಗತಿಯೆಂದರೆ, ಏನಾದರೂ ಮರೆತವನು ವಿಪರೀತ ವಿವರಣೆ ಕೊಡುತ್ತಾನೆ. ಬೆಳಕು ಸಾಲದಾಗಿತ್ತು, ಪಾಳಿ ಬದಲಾಗುವ ಹೊತ್ತು, ಯಾರೋ ಕರೆದರು ಎಂದು. ಇವರಿಬ್ಬರಲ್ಲಿ ಒಬ್ಬರೂ ಹಾಗೆ ಮಾಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ಇಬ್ಬರೂ ನಿಜವನ್ನೇ ಹೇಳುತ್ತಿದ್ದರೆ ಏನಾಗಿರಬೇಕು ಎಂಬ ಯೋಚನೆ ನನ್ನನ್ನು ಹಿಡಿಯಿತು. ಅಲ್ಲಿಂದ ಮುಂದೆ ನನಗೆ ಆ ದೋಣಿಯ ಹುಚ್ಚೇ ಹತ್ತಿತು ಎನ್ನಬೇಕು.

ಮತ್ತೆ ಆಸ್ಪತ್ರೆಗೆ ಹೋಗಿ, ಬೂಚಿನ ಸುದ್ದಿ ಬಿಟ್ಟು, ದೋಣಿ ಮೂರು ದಿನ ಹೇಗೆ ಓಡಿತು ಎಂದು ಸುನಂದಾರನ್ನು ಕೇಳಿದೆ. ಇದನ್ನು ಅದುವರೆಗೆ ಅವರನ್ನು ಯಾರೂ ಕೇಳಿರಲಿಲ್ಲ. ಮೊದಲ ದಿನ ಚೆನ್ನಾಗಿ ಓಡಿತ್ತಂತೆ. ಎರಡನೆಯ ದಿನ ತಿರುವಿನಲ್ಲಿ ಜಡವೆನಿಸಿತು, ತಮ್ಮ ಕೈಯೇ ಸರಿಯಿಲ್ಲ ಎಂದುಕೊಂಡರು. ಮೂರನೆಯ ದಿನದ ಬಗ್ಗೆ ಹಾಸಿಗೆಯಲ್ಲಿದ್ದ ಅಶೋಕನೇ ಹೇಳಿದ: “ಗಬ್ಬದ ಎಮ್ಮಿಯಂಗ ಹೊಂಟಿತ್ರೀ.”

ನನಗೆ ಅಷ್ಟು ಸಾಕಾಯಿತು. ಬೂಚು ತೆರೆದಿದ್ದರೆ ಟ್ಯಾಂಕು ಒಂದೇ ಓಟದಲ್ಲಿ, ನೋಡುನೋಡುತ್ತ ತುಂಬಬೇಕಿತ್ತು. ಇಲ್ಲಿ ನೀರು ಮೂರು ದಿನ ಸ್ವಲ್ಪ ಸ್ವಲ್ಪವೇ ಸೇರಿದೆ. ಬೇರೆ ದಿನಗಳಲ್ಲಿ ಸಂಜೆ ದೋಣಿಯನ್ನು ಶೆಡ್ಡಿಗೆ ಒಯ್ದು ಬೂಚು ತೆಗೆದು ಒಣಗಿಸುತ್ತಿದ್ದರು. ಸ್ಪರ್ಧೆಯ ದಿನಗಳಲ್ಲಿ ಅದು ನಡೆದಿರಲಿಲ್ಲ. ಆದರೆ ದಿನವಿಡೀ ನೀರಿನಲ್ಲಿ ಕಟ್ಟಿದಾಗ ಒಂದು ಹನಿಯೂ ಬಾರದ ದೋಣಿಗೆ, ಆಟದ ದಿನ ನೀರು ಎಲ್ಲಿಂದ ಬಂತು?

ರಜೆ ಹಾಕಿ ಒಬ್ಬನೇ ಕ್ಲಬ್ಬಿಗೆ ಹೋದೆ. ಕಾವಲಿನವನ ಸಹಾಯದಿಂದ ದೋಣಿಯನ್ನು ಸ್ಪರ್ಧೆಯ ದಿನ ಇದ್ದಂತೆಯೇ ನಿಲ್ಲಿಸಿ, ಟ್ಯಾಂಕನ್ನು ಪೂರ್ತಿ ಬಸಿದು, ಬೂಚನ್ನು ಪಕ್ಕಡದಿಂದ ಬಿಗಿದೆ. ಏನು ನೋಡಬೇಕೆಂದು ನನಗೇ ತಿಳಿದಿರಲಿಲ್ಲ. ಊಟದ ಹೊತ್ತಿಗೆ ದೋಣಿಗೆ ಒರಗಲು ಹೋಗಿ ಥಟ್ಟನೆ ಹಿಂದೆ ಸರಿದೆ, ಹಂಚಿಗೆ ಅಂಗೈ ಇಟ್ಟಂತಾಯಿತು. ಪಕ್ಕದ ಬಿಳಿ ದೋಣಿ ಅಷ್ಟು ಕಾದಿರಲಿಲ್ಲ. ಆಗಲೇ ಕಡುನೀಲಿ ದೋಣಿಯ ಹಿಂಬದಿಯಿಂದ ಸಣ್ಣಗೆ, ಎಳೆದೆಳೆದು, ಸುಯ್ ಎಂಬ ಸದ್ದು ಕೇಳಿಸಿತು. ಕಾವಲಿನವನು ಹಾವೆಂದು ಕೋಲು ತಂದ.

ಕಾರ್ಖಾನೆಯಲ್ಲಿ ಗ್ಯಾಸು ಸೋರುವುದನ್ನು ಹಿಡಿಯಲು ನಾವು ಸೋಪಿನ ನೊರೆ ಹಚ್ಚುತ್ತೇವೆ. ಅದನ್ನೇ ಮಾಡಿದೆ. ಬೂಚಿನ ಸುತ್ತ ಏನೂ ಇಲ್ಲ. ಬೂಚು ಕೂರುವ ಹಿತ್ತಾಳೆಯ ಬಳೆ ಫೈಬರಿಗೆ ಸೇರುವ ಜಾಗದಲ್ಲಿ, ಹೊಸ ಬಣ್ಣದ ಅಡಿಯಿಂದ, ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಅಲ್ಲಿ ಕೂದಲೆಳೆಯಷ್ಟು ಸೀಳಿತ್ತು.

ಬಿಸಿ ಅನ್ನದ ಡಬ್ಬಿಗೆ ಮುಚ್ಚಳ ಒತ್ತಿ ಇಟ್ಟರೆ, ಆರಿದ ಮೇಲೆ ಅದನ್ನು ತೆಗೆಯಲು ಒದ್ದಾಡಬೇಕಾಗುತ್ತದಲ್ಲ, ಇಲ್ಲಿಯೂ ಅದೇ. ಬಿಸಿಲಿಗೆ ಕಾದು ಟ್ಯಾಂಕಿನ ಗಾಳಿ ಹಿಗ್ಗಿ ಸೀಳಿನಿಂದ ಹೊರಹೋಗುತ್ತದೆ. ದೋಣಿಯನ್ನು ತಣ್ಣನೆಯ ನೀರಿಗೆ ಇಳಿಸಿದ ಕೂಡಲೇ ಒಳಗೆ ಉಳಿದ ಗಾಳಿ ಕುಗ್ಗಿ, ಅದೇ ಸೀಳಿನಿಂದ ನೀರನ್ನು ಒಳಗೆಳೆಯುತ್ತದೆ. ಅಷ್ಟು ಸಣ್ಣ ಸೀಳಿನಲ್ಲಿ ನೀರು ತಾನಾಗಿ ನುಗ್ಗಲಾರದು, ಯಾರಾದರೂ ಎಳೆಯಬೇಕು. ಬೆಳಗಿನ ತಂಪಿನಲ್ಲಿ ಇಳಿಸಿದ ದೋಣಿಯಲ್ಲಿ ಎಳೆಯುವವರಿರಲಿಲ್ಲ, ಆದ್ದರಿಂದ ಕಮಿಟಿಯ ಪರೀಕ್ಷೆಯಲ್ಲಿ ಟ್ಯಾಂಕು ಒಣಗಿಯೇ ಉಳಿಯಿತು. ಮೂತಿ ಇಳಿಜಾರಿಗಿದ್ದುದರಿಂದ, ದೋಣಿ ದಂಡೆಯ ಮೇಲಿದ್ದಾಗ ಒಳಗೆ ಸೇರಿದ ನೀರು ಟ್ಯಾಂಕಿನ ಮುಂಭಾಗಕ್ಕೆ ಸರಿದು ನಿಲ್ಲುತ್ತಿತ್ತು, ಸೀಳಿನಿಂದ ಮತ್ತೆ ಗಾಳಿಯೇ ಹೊರಡುತ್ತಿತ್ತು. ಹೀಗೆ ಮೂರು ದಿನ, ಓಟಗಳ ನಡುವೆ ದಂಡೆಗೆಳೆದು ಕಾದ ಮೇಲೆ ಮತ್ತೆ ಇಳಿಸಿದಾಗಲೆಲ್ಲ ದೋಣಿ ಒಂದೊಂದು ಗುಟುಕು ಕುಡಿದಿತ್ತು.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಮುಂದಿನ ರವಿವಾರ ಕಮಿಟಿಯವರನ್ನು, ಸುನಂದಾರನ್ನು, ಪರಶುರಾಮನನ್ನು ಕರೆಸಿದೆ. ಅವರಿಬ್ಬರೂ ಶೆಡ್ಡಿನ ಎರಡು ತುದಿಗಳಲ್ಲಿ ನಿಂತಿದ್ದರು. ಎಲ್ಲರೆದುರು ಟ್ಯಾಂಕನ್ನು ಪೂರ್ತಿ ಬಸಿದು, ಬೂಚನ್ನು ಪರಶುರಾಮನಿಂದಲೇ ಬಿಗಿಸಿ, ಸುನಂದಾರಿಂದಲೇ ಮುಟ್ಟಿಸಿ ನೋಡಿದೆವು. ಬಿಸಿಲಿಗೆ ಕಾಯಿಸಿ, ನೀರಿಗೆ ನೂಕಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ಎಳೆದು ತಂದೆವು. ಬೂಚು ತೆಗೆದಾಗ ಬಕೀಟು ಮುಕ್ಕಾಲು ತುಂಬಿತು. ಮರುದಿನ ಮತ್ತೆ ಅದೇ ಪರೀಕ್ಷೆ, ಆದರೆ ಬಿಸಿಲೇರುವ ಮೊದಲೇ ದೋಣಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿಟ್ಟೆವು. ಅಂದು ಬಕೀಟಿನ ತಳವೂ ನೆನೆಯಲಿಲ್ಲ.

ಕುಲಕರ್ಣಿಯವರು ಬಹಳ ಹೊತ್ತು ದೋಣಿಯನ್ನು ನೋಡಿ, ಈ ಬಣ್ಣವನ್ನು ಆರಿಸಿದವರು ಯಾರು ಎಂದು ಕೇಳಿದರು. ಎಲ್ಲರೂ ನೆಲ ನೋಡಿದರು. ಅವರಿಗೂ ನೆನಪಾಗಿರಬೇಕು, “ಬಿಳೀ ಹಚ್ಚಸೂಣು” ಎಂದು ಚಹಾದ ಕಡೆ ನಡೆದರು. ಬಳೆಯನ್ನು ಬಿಚ್ಚಿ ಹೊಸದು ಕೂರಿಸಿದರು. ಓಟ ಎಷ್ಟೇ ದಿನದ್ದಾಗಲಿ, ಪ್ರತಿ ಸಂಜೆ ಟ್ಯಾಂಕು ತೆರೆಯಬೇಕೆಂದು ನಿಯಮವಾಯಿತು.

ಸುನಂದಾ ಶೆಡ್ಡಿನಲ್ಲಿ ಪರಶುರಾಮ ನಿಂತಿದ್ದ ತುದಿಗೆ ಹೋದರು. ನಾನು ಬಕೀಟು ತೊಳೆಯುತ್ತ ಹತ್ತಿರದಲ್ಲೇ ಇದ್ದೆ.

“ಪರಶುರಾಮಣ್ಣ, ನಾ ನಿನ್ನ ನಾಕು ಮಂದಿ ಮುಂದ ಸುಳ್ಳ ಅಂದ್ನಿ. ನನ್ನ ಗಂಡನ್ನ ನೀರಾಗಿಂದ ತಗದಾಂವ ನೀನ.”

ಪರಶುರಾಮ ಕೈಯಲ್ಲಿದ್ದ ಗೋಣಿಚೀಲವನ್ನು ಹಿಂಡುತ್ತಲೇ ಇದ್ದ. “ನಾನೂ ನಿಮ್ಮನ್ನ ಹಂಗ ಅಂದಕೊಂಡಿದ್ನಿ ಅಕ್ಕೋರ” ಎಂದ. “ಬಾಯಿ ಬಿಟ್ಟು ಅನ್ನಲಿಲ್ಲ, ಅಷ್ಟ.”

ಆ ಮಾತಿಗೆ ಸುನಂದಾ ಅಳುತ್ತಾರೆಂದುಕೊಂಡೆ. ನಕ್ಕರು. ಅವನೂ ನಕ್ಕ. ಚೀಲದ ಇನ್ನೊಂದು ತುದಿಯನ್ನು ಹಿಡಿದು ಅವರೂ ಹಿಂಡತೊಡಗಿದರು. ಮುಂದಿನ ಮಳೆಗಾಲ ಕಳೆದ ಮೇಲೆ ಅಶೋಕ ಮತ್ತೆ ದೋಣಿ ಹತ್ತಿದನೆಂದು ಕೇಳಿದೆ.

ಆಮೇಲೆಯೂ ಎಷ್ಟೋ ವರ್ಷ ನನ್ನ ಮೇಜಿನ ಮುಂದೆ ಜನ ಬಂದು ನಿಂತರು. ವಾಲ್ವು ಮುಚ್ಚಿದ್ದೆ ಎಂದು ಒಬ್ಬ, ತೆರೆದೇ ಇತ್ತು ಎಂದು ಇನ್ನೊಬ್ಬ. ಯಾರ ಮಾತು ಸುಳ್ಳು ಎಂದು ಹುಡುಕಲು ಹೊರಟರೆ ಯಾವನೋ ಒಬ್ಬ ಸಿಕ್ಕೇ ಸಿಗುತ್ತಾನೆ, ಫೈಲೂ ಮುಚ್ಚುತ್ತದೆ, ಸೀಳು ಮಾತ್ರ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಇಬ್ಬರನ್ನೂ ಕೂರಿಸಿ, ನೀವಿಬ್ಬರೂ ಹೇಳುವುದು ನಿಜವೆಂದೇ ಇಟ್ಟುಕೊಳ್ಳೋಣ, ಆಗ ಏನು ನಡೆದಿರಬಹುದು ಎಂದು ಕೇಳುವುದನ್ನು ರೂಢಿಸಿಕೊಂಡೆ. ಎಲ್ಲ ಸಲವೂ ಉತ್ತರ ಸಿಗಲಿಲ್ಲ. ಒಮ್ಮೊಮ್ಮೆ ಯಾರೋ ಒಬ್ಬರು ಸುಳ್ಳು ಹೇಳಿಯೂ ಇದ್ದರು. ಆದರೆ ಆ ಪ್ರಶ್ನೆ ಕೇಳಿದ ಕೂಡಲೇ, ಅಲ್ಲಿಯವರೆಗೆ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದ ಇಬ್ಬರೂ, ಯಂತ್ರದ ಕಡೆಗೆ ತಿರುಗಿ ನೋಡುತ್ತಿದ್ದರು.