ಒಣಗಿಸಿ ಕಳಿಸಿದ ಮಣ್ಣು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಹೊರಟು, ಬೇರೇನೋ ಮಾತಾಡಿ ಎದ್ದು ಬಂದಿದ್ದೇನೆ. ಮೊನ್ನೆ ಸೊಸೆ ಬಚ್ಚಲೊಲೆಗೆ ಹಸಿಮಣ್ಣು ಮೆತ್ತಿ ಬೆಂಕಿ ಹಾಕಿದಳು. ಮಣ್ಣು ಕಾದು ಹಬೆಯಾಡುವ ಆ ವಾಸನೆಗೆ ಕೂತಲ್ಲಿ ಕೂರಲಾಗಲಿಲ್ಲ…

ಕೆಲವು ವರ್ಷಗಳ ಹಿಂದೆ ನಾರ್ವೆ ಎಂಬ ಹಳ್ಳಿಯ ಕಡೆಗಿನ ನಮ್ಮ ರಸ್ತೆ ಅಗಲ ಮಾಡಲು ಬಂಡೆ ಸಿಡಿಸಬೇಕಿತ್ತು. ನಾನು ಗುತ್ತಿಗೆದಾರರ ಮೇಸ್ತ್ರಿ. ಬಂಡೆಯ ಪಕ್ಕ ಕಡಿದಾದ ಮಣ್ಣಿನ ದರೆ, ಅದರ ಬುಡದಲ್ಲೇ ನೆರೆಮನೆಯ ಅಕ್ಕನ ಮನೆ, ಕೊಟ್ಟಿಗೆ. ಇಂಜಿನಿಯರ್, ಸಿಡಿತದ ಹೊಡೆತ ಮಣ್ಣಿನೊಳಗೆ ಎಷ್ಟು ದೂರ ಹೋಗುತ್ತದೆಂದು ಮೊದಲು ಕಂಪ್ಯೂಟರಿನಲ್ಲಿ ನೋಡುತ್ತೇವೆ, ದರೆಯ ಮಣ್ಣು ತೆಗೆದ ಕೂಡಲೇ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಳಿಸಿ ಎಂದಿದ್ದರು. ಹತ್ತನೇ ಪಾಸಾದವನೆಂದು ಆ ಕೆಲಸ ನನಗೇ ಬಿತ್ತು. ಮಣ್ಣಿನಿಂದ ನೀರು ಜಿನುಗುತ್ತಿತ್ತು. ನಮ್ಮಲ್ಲಿ ಯಾವುದನ್ನೂ ಹಸಿಯಾಗಿ ಪೇಟೆಗೆ ಕಳಿಸಿ ಗೊತ್ತಿಲ್ಲ. ಕಾಳುಮೆಣಸು ಒಣಗಿಸುವ ತಟ್ಟಿಯ ಮೇಲೆ ಹರಡಿ, ಚೆನ್ನಾಗಿ ಒಣಗಿಸಿ ಕಟ್ಟಿದೆ.

"ಮಣ್ಣನ್ನೂ ಒಣಗ್ಸಿ ಮಾರೂಕೆ ಶುರು ಮಾಡಿದ್ಯ ಮಾರಾಯ? ರೇಟ್ ಎಷ್ಟಂತೆ?" ಎಂದು ಬೇಲಿಯಾಚೆಯಿಂದ ಅಕ್ಕ ನಕ್ಕಿದ್ದಳು.

ಇಂಜಿನಿಯರ್ ಲ್ಯಾಪ್‌ಟಾಪಿನಲ್ಲಿ ಆ ಮಣ್ಣಿನ ಲೆಕ್ಕ ಹಾಕಿ ತೋರಿಸಿದರು. ಬಂಡೆಯಿಂದ ಎದ್ದ ಕೆಂಪು ಅಲೆ ದರೆಯ ಮಣ್ಣಿಗೆ ಬರುತ್ತಲೇ ಹಳದಿಯಾಗಿ, ಮನೆ ಮುಟ್ಟುವ ಮೊದಲೇ ಮಾಯವಾಯಿತು. ಒಣಮಣ್ಣಿನ ಕಣಗಳ ನಡುವಿನ ಗಾಳಿಜಾಗ ಹೊಡೆತವನ್ನು ನುಂಗುತ್ತದೆ, ನೀರು ತುಂಬಿದ್ದರೆ ನುಂಗದೆ ಮುಂದಕ್ಕೆ ದಾಟಿಸುತ್ತದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಿ ಮಣ್ಣು ಇಷ್ಟು ಒಣಗಿದೆಯಾ?" ಎಂದು ಕೇಳಿದರು. ಮಾಡಿದ ತಪ್ಪು ಆಗ ತಿಳಿಯಿತು. ಎಲ್ಲರೆದುರು ದಡ್ಡನಾಗಲು ನಾಚಿಕೆ.

"ಹೂಂ ಸರ್, ತೆಗ್ದ ಹಾಗೇ ಕಟ್ಟಿದ್ದು" ಎಂದೆ.

ಸಿಡಿಸುವ ದಿನ ಅಕ್ಕ ಬಂದು, "ನಾ ಹೊರಗೆ ಹೋಗ್ಬೇಕಾ ಎಂತ? ಎಮ್ಮೆ ಇವತ್ತೋ ನಾಳೆಯೋ ಕರು ಹಾಕೂ ಹಾಗಿದೆ" ಎಂದಳು.

"ಬೇಡ ಅಕ್ಕ, ಅಲ್ಲಿವರೆಗೆ ಬರೂದಿಲ್ಲ. ಕಂಪ್ಯೂಟರಲ್ಲಿ ನೋಡಿದೀನಿ."

ಹೋಗು ಎಂದಿದ್ದರೆ ಯಾಕೆಂದು ಎಲ್ಲರೂ ಕೇಳುತ್ತಿದ್ದರು…

ಬಂಡೆ ಸಿಡಿದದ್ದೇ ದರೆ ಹಾಗೇ ಜಾರಿ, ಅಕ್ಕ ಎಮ್ಮೆಯ ಹತ್ತಿರವಿದ್ದ ಕೊಟ್ಟಿಗೆಯ ಮೇಲೆ ಕೂತಿತು. ಹುಚ್ಚನಂತೆ ಕೈಯಲ್ಲೇ ಬಗೆದೆ; ಬಗೆದಷ್ಟೂ ಕೆಸರು. ಅಕ್ಕನಿಗೆ ಜೀವವಿತ್ತು. ಬಲಗಾಲು ಉಳಿಯಲಿಲ್ಲ. ಎಮ್ಮೆಯೂ ಉಳಿಯಲಿಲ್ಲ.

ಆಮೇಲೆ ಅವಳು ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವ ಇಲ್ದಿದ್ರೆ ನಾ ಇಷ್ಟೊತ್ತಿಗೆ ಮಣ್ಣಾಗಿರ್ತಿದ್ದೆ" ಎನ್ನುತ್ತಿದ್ದಳು. ನಾನು ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯವೆಂದುಕೊಂಡರು. ಹಾಗೆಯೇ ಅಂದುಕೊಳ್ಳಲಿ ಎಂದು ಬಿಟ್ಟೆ.

ಈ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಜೀವ ಉಳಿಸಿದವನೆಂದು ಚಟ್ಟಕ್ಕೆ ಮೊದಲು ಹೆಗಲು ಕೊಡಲು ಮನೆಯವರು ನನ್ನನ್ನೇ ಕರೆದರು. ಕೊಟ್ಟೆ… ಆಗಲೂ ಹೇಳಲಿಲ್ಲ. ಈಗ ಯಾರ ಹತ್ತಿರ ಹೇಳಿದರೂ, "ಆದದ್ದಾಯ್ತು ಬಿಡಿ" ಎಂದಾರು. ಹಾಗೆನ್ನುವ ಹಕ್ಕು ಇದ್ದದ್ದು ಒಬ್ಬಳಿಗೇ, ನೆರೆಮನೆಯ ನನ್ನ ಅಕ್ಕನಿಗೆ.