ಹತ್ತಿಬೀಜದ ಕುಲ ಕೇಳಲು ಧಾರವಾಡಕ್ಕೆ ಹೋದದ್ದು

ನವಲಗುಂದದಲ್ಲಿ ಬೆಳಿಗ್ಗೆ ಏಳರ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಬಾಜು ಹೊಲದ ಶಂಕ್ರಪ್ಪ ದುಡ್ಡು ಕೊಟ್ಟು ಕೂತ. ನನ್ನ ಜವಾರಿ ಹತ್ತಿಗೆ ಅವನ ಬಿಟಿ ಹತ್ತಿ ಕೂಡಿ ಕುಲ ಕೆಟ್ಟಿದೆ ಎಂದು ಊರೆಲ್ಲ ಹೇಳಿದವನು ಅವನೇ. ಅದಕ್ಕೇ ಅವನನ್ನು ಕರೆದುಕೊಂಡು ಹೊರಟೆ.

ಬೀಜ ನನ್ನ ಅತ್ತೆ ಕೊಟ್ಟದ್ದು. ನಲವತ್ತು ವರ್ಷದಿಂದ ನಾನೇ ಆರಿಸಿ ಇಡುತ್ತೇನೆ. ಈ ಸಲ ಓಣಿಯ ಹೆಂಗಸರು ಬಿತ್ತಲು ಕೇಳಿದ್ದಾರೆ. ಕೆಟ್ಟಿದ್ದರೆ ಒಂದು ಕಾಳೂ ಕೊಡುವವಳಲ್ಲ. ಹದಿನೈದು ದಿನ ಮೊದಲೇ ಧಾರವಾಡದ ಕೃಷಿ ಕಾಲೇಜಿಗೆ ಪರೀಕ್ಷೆಗೆಂದು ಒಂದು ಗಂಟು ಬೀಜ ಕಳಿಸಿದ್ದೆ.

"ಅತ್ತೀ, ಕೆಟ್ಟೈತಿ ಅಂದ್ರ ಅಲ್ಲೇ ಅಳಬ್ಯಾಡ್ರಿ ಮತ್ತ," ಎಂದ ಶಂಕ್ರಪ್ಪ.

"ನೀ ಮೊದಲ ಚಾ ಕುಡಸು. ಅಳೂದು ಆಮ್ಯಾಲ ನೋಡೂಣು."

ಹುಬ್ಬಳ್ಳಿಯಲ್ಲಿ ಚಹಾ, ಮಿರ್ಚಿ ಮುಗಿಸಿ, ಬಸ್ಸು ಬದಲಿಸಿ, ಹತ್ತರ ಸುಮಾರಿಗೆ ಧಾರವಾಡ ಮುಟ್ಟಿದೆವು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಬೀಜ ಪರೀಕ್ಷೆ ಮಾಡುವ ಹೆಣ್ಣುಮಗಳು ನನ್ನ ಮೊಮ್ಮಗಳ ವಯಸ್ಸಿನವಳು. ಈ ವಿದ್ಯೆಗೆ ತಳಿಶಾಸ್ತ್ರ ಎನ್ನುತ್ತಾರೆ, ಇದರಲ್ಲಿ ಹಲವು ಕವಲುಗಳಿವೆ ಎಂದು ಹೇಳಿ ಒಂದೊಂದೇ ತೋರಿಸಿದಳು.

ಹಿತ್ತಲ ಹೊಲದಲ್ಲಿ ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದರ ಹೂವಿಗೆ ತಾಗಿಸಿ ದಾರ ಕಟ್ಟಿದ್ದರು. ಹುಟ್ಟಿದ ಮಕ್ಕಳು, ಮೊಮ್ಮಕ್ಕಳು ಯಾರನ್ನು ಹೋಲುತ್ತವೆ ಎಂದು ಎಣಿಸುವುದು ಒಂದು ಕವಲು. ಒಳಗೆ ಒಂದು ಕೋಣೆಯಲ್ಲಿ ಎಲೆ ಅರೆದು ಡಿಎನ್ಎ ತೆಗೆಯುತ್ತಾರೆ; ಅದರಲ್ಲಿ ಬರೆದದ್ದನ್ನು ಯಂತ್ರ ಓದುತ್ತದೆ. ನನಗಿಂತ ಹೆಚ್ಚು ಅಕ್ಷರ ಬಲ್ಲ ಯಂತ್ರ.

ಮತ್ತೊಂದು ಕೋಣೆಯಲ್ಲಿ ಮೊಳಕೆಯ ಬೇರಿನ ತುದಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನನ್ನ ಬೀಜದ ಬೇರೇ ಪರದೆಯ ಮೇಲಿತ್ತು, ಚೂರುಚೂರು ನೂಲಿನಂತೆ. ಅವಕ್ಕೆ ವರ್ಣತಂತು ಎನ್ನುತ್ತಾರಂತೆ.

"ಜವಾರಿಗೆ ಇಪ್ಪತ್ತಾರು, ಬಿಟಿಗೆ ಐವತ್ತೆರಡು. ಎರಡೂ ಕೂಡೂದ ಅಪರೂಪ. ಕೂಡಿದ್ರ ಮೂವತ್ತೊಂಬತ್ತು ಇರತಿತ್ತು. ನೀವಽ ಎಣಸ್ರಿ ಅಮ್ಮಾರ," ಎಂದಳು.

ಬೆರಳು ಮಡಚುತ್ತ ಎಣಿಸಿದೆ. ಇಪ್ಪತ್ತಾರು. ಶಂಕ್ರಪ್ಪನಿಂದಲೂ ಎಣಿಕೆ ಮಾಡಿಸಿದೆ. ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಒಪ್ಪಿಕೊಂಡ. ನನ್ನ ಎದೆ ಉಬ್ಬಿತು. ಸುಳ್ಳು ಯಾಕೆ ಹೇಳಲಿ?

ಅಷ್ಟರಲ್ಲಿ ಆ ಹೆಣ್ಣುಮಗಳು ಕೇಳಿದಳು: "ಈ ಬೀಜ ಆರಿಸಿ ಕಳಿಸೀರೇನ್ರಿ?"

"ಹೌದ್ರಿ. ಹೆಣ್ಣ ತೋರಸುವಾಗ ಹರಕ ಸೀರಿ ಉಡಸ್ತಾರೇನ್ರಿ?"

ಆಕೆ ನಕ್ಕಳು. ಆದರೆ ಬಿಡಲಿಲ್ಲ. ಇಡೀ ಹೊಲವನ್ನು ಒಂದು ಕುಲವೆಂದು ನೋಡುವುದು ಇನ್ನೊಂದು ಕವಲು; ಅದಕ್ಕೆ ಚೆಲುವಾದದ್ದಷ್ಟೇ ಸಾಲದು, ಚೆಲೋ ಇರಲಿ ಕೆಟ್ಟಿರಲಿ ಗಿಡಕ್ಕೊಂದು ಕಾಯಿ ಬೇಕು. "ಈ ಕಾಳು ಚೊಕ್ಕ ಅದಾವ್ರಿ. ಆದ್ರ ಹೊಲದಾಗ ಬ್ಯಾರೆ ಬೀಜ ಕೂಡಿಲ್ಲಂತ ಇಷ್ಟರ ಮ್ಯಾಲ ಹೇಳಾಕ ಬರೂದಿಲ್ಲ."

ನಲವತ್ತು ವರ್ಷ ನಾನು ಚೆಲೋ ಗಿಡಗಳನ್ನಷ್ಟೇ ಲೆಕ್ಕಕ್ಕೆ ಹಿಡಿದವಳು. ಉಳಿದವನ್ನು ಯಾರಿಗೂ ತೋರಿಸಿದವಳಲ್ಲ.

ಸಂಜೆ ಐದಕ್ಕೆ ಊರಲ್ಲಿಳಿದು ಮನೆಗೆ ಹೋಗದೆ ನೇರ ಹೊಲಕ್ಕೆ ನಡೆದೆ. ಸಾಲಿಗೆ ಸಾಲು, ಗಿಡಕ್ಕೊಂದು ಕಾಯಿ ಬಿಡಿಸಿದೆ. ಶಂಕ್ರಪ್ಪ ಚೀಲ ಹಿಡಿದು ಹಿಂದೆ ಬಂದ. ಬದುವಿನ ಹತ್ತಿರ ಮೊಣಕಾಲೆತ್ತರಕ್ಕೇ ನಿಂತುಹೋದ ಒಂದು ಗಿಡ; ಅದಕ್ಕೆ ಇದ್ದದ್ದೇ ಒಂದು ಕಾಯಿ, ಅದೂ ಅರೆ ಒಡೆದದ್ದು.

"ಇದೂ ಏನ್ರಿ ಅತ್ತೀ?" ಎಂದ.

"ಇದೂ ನಂದಽ. ಚೀಲದ ಬಾಯಿ ಅಗಲ ಮಾಡು."