ಕಲ್ಲಿನ ಮೇಲಿದ್ದ ನನ್ನ ಜೀಪು

ನನ್ನ ಅಣ್ಣ ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದ. ಎಪ್ಪತ್ತರ ದಶಕದ ಕೊನೆಯಲ್ಲಿ ನಿವೃತ್ತನಾಗಿ ಕೊಟ್ಟೂರಿಗೆ ಬಂದವನು, ಸೈನ್ಯದವರು ಹರಾಜಿಗೆ ಹಾಕಿದ್ದ ಎರಡು ಹಳೇ ಜೀಪುಗಳನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದ. ಒಂದು ಅವನದು, ಇನ್ನೊಂದು ನನ್ನದು. ಹಾಗಂತ ಅವನೇ ಹೇಳಿದ್ದು.

“ಲೇ ತಮ್ಮಾ, ಮೊದ್ಲು ಒಂದು ರೋಡಿಗಿಳೀಲಿ. ಮುಂದಿನ ವರ್ಷ ನಿಂದು. ನೀ ಹರಪನಹಳ್ಳಿ ಕಡಿ ಓಡ್ಸು, ನಾ ಹಡಗಲಿ ಕಡಿ ಓಡಸ್ತೀನಿ.”

ನಾನಾಗ ಬೇರೆಯವರ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದೆ. ಮದುವೆಯ ವಯಸ್ಸು ಮೀರುತ್ತಿತ್ತು. ಹೆಣ್ಣು ನೋಡಲು ಚಿಗಟೇರಿಗೆ ಹೋದಾಗ ಹುಡುಗಿಯ ಅಪ್ಪ, “ಸ್ವಂತದ್ದು ಏನೈತ್ರಿ?” ಅಂದರು. ಅವ್ವ ಜೀಪಿನ ಸುದ್ದಿ ಹೇಳಿದಳು. “ಅದು ಓಡ್ಲಿ ಬಿಡ್ರಿ, ಆಮ್ಯಾಲ ಮಾತಾಡಾಣ” ಅಂದುಬಿಟ್ಟರು.

ಓಡಬೇಕಲ್ಲ! ಆ ಜೀಪಿನ ಸಾಮಾನು ಹೊಸಪೇಟೆಯಲ್ಲೂ ಸಿಗುತ್ತಿರಲಿಲ್ಲ. ಅಣ್ಣನ ಗಾಡಿಯಲ್ಲಿ ಏನು ಕೆಟ್ಟರೂ ನನ್ನ ಗಾಡಿಯಿಂದ ಬಿಚ್ಚುವುದು. ಮೊದಲು ಡೈನಮೋ ಹೋಯಿತು, ಆಮೇಲೆ ರೇಡಿಯೇಟರ್. ಚಕ್ರಗಳು ಹೋದ ಮೇಲೆ ಬೇವಿನ ಮರದ ಕೆಳಗೆ ನಾಲ್ಕು ಕಲ್ಲಿನ ಮೇಲೆ ಕುಂತಿತು. ಪ್ರತಿ ಸಲವೂ ಅಣ್ಣ, “ಸದ್ಯಕ್ಕ ಅಷ್ಟ, ತಮ್ಮಾ” ಅನ್ನುತ್ತಿದ್ದ. ನನ್ನ ಮೂಗಿಗೆ ತುಪ್ಪ ಸವರಲು ಆ ಒಂದು ಮಾತು ಸಾಕಾಗಿತ್ತು.

ಆದರೂ ನಂಬಿದ್ದೆ. ಕಾರಣ ಆಯುಧಪೂಜೆ. ತನ್ನ ಜೀಪಿನ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟ ಮೇಲೆ, ಅಣ್ಣ ತಪ್ಪದೆ ನನ್ನ ಜೀಪಿನ ನಾಲ್ಕು ಕಲ್ಲುಗಳ ಮುಂದೆಯೂ ಒಂದೊಂದು ಇಡುತ್ತಿದ್ದ. ಅವನವು ಅಪ್ಪಚ್ಚಿಯಾಗುತ್ತಿದ್ದವು, ನನ್ನವು ಅಲ್ಲೇ ಒಣಗುತ್ತಿದ್ದವು. ಅತ್ತಿಗೆ ಒಮ್ಮೆ, “ಉಪ್ಪಿನಕಾಯಿಗಾದ್ರೂ ಕೊಡ್ರಿ” ಎಂದು ನಕ್ಕಿದ್ದಕ್ಕೆ ಅಣ್ಣ ಕಣ್ಣು ಕೆಂಪಗೆ ಮಾಡಿದ್ದ. “ಅದೂ ಗಾಡಿನ. ಓಡೋ ಗಾಡಿ ಅದು.”

ಒಂದು ಬೇಸಿಗೆಯಲ್ಲಿ ಇಟ್ಟಿಗಿ ಊರಿನ ಹತ್ತಿರ ಅಣ್ಣನ ಎಂಜಿನ್ ಜಾಮ್ ಆಗಿ ನಿಂತಿತು. ಮರುದಿನ ನಾನು ಗಿರಣಿಯಿಂದ ಬರುವಷ್ಟರಲ್ಲಿ ಬೇವಿನ ಟೊಂಗೆಗೆ ಚೈನ್ ಕಟ್ಟಿ, ನನ್ನ ಎಂಜಿನ್ನಿನ ಬೋಲ್ಟು ಬಿಚ್ಚುತ್ತಿದ್ದ. ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳಬೇಕೆನಿಸಿತು. ಆದರೆ ಅವನ ಮಕ್ಕಳು ಉಣ್ಣುತ್ತಿದ್ದುದು ಆ ಜೀಪಿನಿಂದಲೇ. ಏನಂತ ಬೇಡ ಅನ್ನಲಿ? ನಾನೂ ಹೋಗಿ ಚೈನ್ ಹಿಡಿದೆ. ಎಂಜಿನ್ ಮೇಲಕ್ಕೆದ್ದಾಗ ಅಣ್ಣ ಏನೂ ಅನ್ನಲಿಲ್ಲ. ಆ ಹಾಳು “ಸದ್ಯಕ್ಕ”ಕ್ಕಾಗಿ ನಾನು ಅವನ ಮುಖವನ್ನೇ ನೋಡುತ್ತಿದ್ದೆ.

ಆ ವರ್ಷದ ಆಯುಧಪೂಜೆಯ ದಿನ ಅಣ್ಣ ಪೂಜೆಯ ತಟ್ಟೆಯನ್ನು ತಂದು ನನ್ನ ಜೀಪಿನ ಬಾನೆಟ್ ಮೇಲೆ ಇಟ್ಟ. ಅನುಕೂಲವಾದ ಎತ್ತರ. ಕುಂಕುಮ, ಊದುಬತ್ತಿ, ತೆಂಗಿನಕಾಯಿ ಎಲ್ಲ ಅಲ್ಲೇ ಹರವಿಕೊಂಡು ತನ್ನ ಗಾಡಿಗೆ ಪೂಜೆ ಮಾಡಿದ. ನಿಂಬೆಹಣ್ಣುಗಳನ್ನು ಚಕ್ರಗಳ ಕೆಳಗೆ ಇಟ್ಟ.

“ಬಾರೋ ತಮ್ಮಾ, ಕಾಯಿ ಒಡಿ.”

ಒಡೆದೆ. ಅಣ್ಣ ಹತ್ತಿ ಕೂತ. ನನ್ನ ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಗಾಡಿ ನಿಂಬೆಹಣ್ಣು ತುಳಿದು ಗೇಟು ದಾಟಿದ ಮೇಲೆ ನಾನು ಅಣ್ಣ ಹಣ್ಣು ತಂದಿದ್ದ ಸಂತೆಯ ಚೀಲವನ್ನು ತಿರುವಿ ಕೊಡವಿದೆ. ಅವನು ತಂದಿದ್ದೇ ನಾಲ್ಕು.